ಒಂದು ಸೇರು ಜೋಳದ ಮಗಳು

ಮೊದಲು ಕ್ಷಮೆ ಕೇಳುತ್ತೇನೆ. ಇದನ್ನು ಬರೆಯುವಷ್ಟು ಕಾನೂನು ನನಗೆ ಗೊತ್ತಿಲ್ಲ. ಕಥೆ ಬರೆಯುವುದಂತೂ ಗೊತ್ತೇ ಇಲ್ಲ. ನಾನು ಪರಿಮಳಾ, ಊರು ಶಹಾಪುರ, ಈಗ ಸುರಪುರ ಕೋರ್ಟಿನಲ್ಲಿ ವಕೀಲೆ. ಹಗಲು ಕಲಬುರಗಿಯ ಒಂದು ಝರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿಗೆ ಹೋಗಿ ಕಾನೂನು ಓದಿದವಳು. ಹಗಲು ಓದಿದವರ ಕಾನೂನೂ ಸಂಜೆ ಓದಿದವರ ಕಾನೂನೂ ಒಂದೇ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಕಕ್ಷಿದಾರರು ಎದುರು ಬಂದು ಕೂತಾಗ, ಕರೆಂಟು ಹೋಗಿ ಅರ್ಧಕ್ಕೆ ಬಿಟ್ಟ ಯಾವುದೋ ಪಾಠದಲ್ಲೇ ಇವರ ಪ್ರಶ್ನೆಗೆ ಉತ್ತರ ಇತ್ತೇನೋ ಎಂಬ ಅಂಜಿಕೆ ನನಗೆ ತಪ್ಪಿಲ್ಲ.

ನಾನು ಇದನ್ನು ಬರೆಯುತ್ತೇನೆ ಅಂದಾಗ ನಮ್ಮ ಹಿರಿಯ ವಕೀಲರಾದ ಬಸವಂತ್ರಾಯರು ನಕ್ಕರು. "ಜಾಮೀನು ಅರ್ಜಿ ಬರಿಯವ್ವಾ ಪರಿಮಳಾ. ದೇಶದ ಅರ್ಜಿ ಬರ್ಯಾಕ ಹೋಗಬ್ಯಾಡ" ಅಂದರು. ಅವರ ಮಾತು ಸರಿ ಇರಬಹುದು. ಆದರೆ ಸಿಟ್ಟು ಇಳಿಯುತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಲಾಲಮ್ಮಕ್ಕನನ್ನು ಊರಿಗೆ ಕರೆತಂದದ್ದು ಬಸ್ಸಿನಲ್ಲಿ. ಕಿಟಕಿಯ ಕಡೆ ಒಬ್ಬ ಮಹಿಳಾ ಪೇದೆ, ಈ ಕಡೆ ಹೆಡ್ ಕಾನ್‌ಸ್ಟೇಬಲ್ ಲಕ್ಷ್ಮಿಕಾಂತ, ನಡುವೆ ಲಾಲಮ್ಮಕ್ಕ. ಕಟ್ಟಡದ ಕೆಲಸಕ್ಕೆ ಹೋಗಿದ್ದ ಅವಳನ್ನು ಬೆಂಗಳೂರಿನ ಒಂದು ಠಾಣೆಯವರು ಬಾಂಗ್ಲಾದೇಶದವಳೆಂದು ಹಿಡಿದಿದ್ದರು. ಅವಳು ತಾನು ಸುರಪುರದ ರಂಗಂಪೇಟೆಯವಳು ಅಂದಿದ್ದಳು. ಹೌದೋ ಅಲ್ಲವೋ ನೋಡಿ ಬನ್ನಿ ಎಂದು ಮೇಲಿನವರು ಇವರನ್ನು ಕಳಿಸಿದ್ದರು.

ಬಸ್ಸಿನಲ್ಲೇ ಮೊದಲ ವಿಚಾರಣೆ ನಡೆಯಿತಂತೆ. ಕರ್ನಾಟಕದ ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ತೋರಿಸಬೇಕು. ಲಾಲಮ್ಮಕ್ಕನ ಆಧಾರ್, ಬೆಂಗಳೂರಿನಲ್ಲಿ ಅವರ ಜೋಪಡಿ ಕೆಡವಿದಾಗ, ಜೆಸಿಬಿಯ ಕೆಳಗೆ ಹೋಗಿತ್ತು. ಕಂಡಕ್ಟರ್ ಕೇಳಿದ, "ಈಕಿ ಕರ್ನಾಟಕದಾಕಿ ಹೌದೋ ಅಲ್ಲೋ ಹೇಳ್ರಿ, ಟಿಕೆಟ್ ಹರಿತೀನಿ." ಲಕ್ಷ್ಮಿಕಾಂತ ಅವರು, "ಅದನ್ನ ತಿಳ್ಕೊಳೋಕೇ ಹೋಗ್ತಿರೋದು" ಅಂದರು. "ಹಂಗಾದ್ರ ತಿಳಕೊಂಡು ಬರುವಾಗ ಪುಕ್ಕಟೆ ಬರ್ರಿ. ಹೋಗಾಕ ರೊಕ್ಕ ಕೊಡ್ರಿ" ಅಂದ ಕಂಡಕ್ಟರ್. ಲಕ್ಷ್ಮಿಕಾಂತ ಅವರು ತಮ್ಮ ಕಿಸೆಯಿಂದಲೇ ಟಿಕೆಟ್ ತೆಗೆದರು. ಇದನ್ನು ಲಾಲಮ್ಮಕ್ಕನೇ ಹೇಳಿದ್ದು. ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.

ನಾನು ಇರುವುದು ಅದೇ ರಂಗಂಪೇಟೆಯಲ್ಲಿ, ಅವಳ ಓಣಿಯ ಬಾಯಿಯಲ್ಲಿ ಬಾಡಿಗೆ ಮನೆ. ಅವಳ ಗಂಡ ಅಂಬ್ರಪ್ಪ ಬೆಂಗಳೂರಿನಿಂದ ಫೋನ್ ಮಾಡಿದ್ದ. "ಅಕ್ಕಾರ, ನಾ ಹುಡುಗೇರ್ನ ಬಿಟ್ಟು ಬರಂಗಿಲ್ಲ. ನೀವ ನೋಡ್ರಿ." ನಾನು ಅವನಿಗಿಂತ ಹೆಚ್ಚು ಅಂಜಿದ್ದೆ. ವಿದೇಶಿಯರ ಕಾಯ್ದೆ ನಮ್ಮ ಪರೀಕ್ಷೆಗೇ ಬಂದಿರಲಿಲ್ಲ. ಹಿಂದಿನ ದಿನವೆಲ್ಲ ಕೂತು ಓದಿದ್ದೆ.

ಓದಿದ್ದನ್ನು ಹೇಳುತ್ತೇನೆ. ನಮ್ಮ ಓಣಿಯಲ್ಲಿ ಒಬ್ಬ ಕೋಳಿ ಕದ್ದ ಅನ್ನಿ. ಕದ್ದದ್ದು ಇವನೇ ಎಂದು ಪೊಲೀಸರು ಸಾಬೀತು ಮಾಡಬೇಕು. ಅವನು ಬಾಯಿ ಮುಚ್ಚಿಕೊಂಡು ಕೂತರೂ ನಡೆಯುತ್ತದೆ. ಆದರೆ ನಿನ್ನನ್ನು ಪರದೇಶದವಳು ಅಂದರೆ ಹಾಗಲ್ಲ. ಅಲ್ಲ ಎಂದು ನೀನೇ ಸಾಬೀತು ಮಾಡಬೇಕು. ಸರಕಾರ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಕೋಳಿ ಕದ್ದವನಿಗೆ ಇರುವ ಅನುಕೂಲ ಬುಟ್ಟಿ ಹೊರುವವಳಿಗೆ ಇಲ್ಲ. ಈ ಮಾತು ಬ್ರಿಟಿಷರು ಹೋಗುವ ಮುಂಚೆ, ನಲವತ್ತಾರರಲ್ಲಿ, ಬರೆದಿಟ್ಟದ್ದು. ಆಗ ಸುರಪುರ ನಿಜಾಮರ ಕೆಳಗಿತ್ತು. ಆ ಲೆಕ್ಕದಲ್ಲಿ ನಮ್ಮ ಅಜ್ಜಂದಿರೇ ಆ ಕಾಯ್ದೆಗೆ ಹೊರಗಿನವರು. ಈಗ ಎರಡು ಸಾವಿರದ ಇಪ್ಪತ್ತೈದರಲ್ಲಿ ಹೊಸ ಕಾಯ್ದೆ ಬಂದಿದೆ. ಹೆಸರು ಹೊಸದು, ಕಲಮಿನ ನಂಬರು ಹೊಸದು, ಆ ಮಾತು ಮಾತ್ರ ಹಳೆಯದೇ.

ಇನ್ನೂ ಒಂದು. ಇಂಥವರನ್ನು ಇಡುವ ಜಾಗಕ್ಕೆ ಜೈಲು ಅನ್ನುವಂತಿಲ್ಲ. ಕಾಗದದಲ್ಲಿ ಅದು ಓಡಾಟದ ಮೇಲಿನ ನಿರ್ಬಂಧ. ಜೈಲಿನವನಿಗೆ ಜಾಮೀನು ಇದೆ, ಬಿಡುಗಡೆಯ ತಾರೀಖು ಇದೆ. ಓಡಾಟಕ್ಕೆ ನಿರ್ಬಂಧ ಇರುವವಳಿಗೆ ಎರಡೂ ಇಲ್ಲ. ಲಾಲಮ್ಮಕ್ಕ ಊರಲ್ಲಿ ತನ್ನನ್ನು ಸಾಬೀತು ಮಾಡದಿದ್ದರೆ ಲಕ್ಷ್ಮಿಕಾಂತ ಅವರು ಅವಳನ್ನು ಮತ್ತೆ ಅಲ್ಲಿಗೇ ಕರೆದೊಯ್ಯಬೇಕಿತ್ತು. ಸಂಜೆಯ ಬಸ್ಸಿಗೆ.

ಓಣಿಯ ಬೇವಿನ ಗಿಡದ ಕೆಳಗೆ ಕಾಟ್ ಹಾಕಿದೆವು. ಲಕ್ಷ್ಮಿಕಾಂತ ಅವರು ಕೂತರು. ಮಹಿಳಾ ಪೇದೆ ಕೂತಲ್ಲೇ ತೂಕಡಿಸಿದಳು. ಓಣಿಯ ಹೆಂಗಸರೆಲ್ಲ ಬಂದರು.

"ಈಯಮ್ಮನ್ನ ನಿಮಗೆ ಗೊತ್ತಾ?" ಅಂತ ಲಕ್ಷ್ಮಿಕಾಂತ ಅವರು ಕೇಳಿದರು.

ಎದುರು ಮನೆಯ ಸಾವಿತ್ರಿಬಾಯಿ ಅಂದಳು: "ಗೊತ್ತಿಲ್ಲದ ಏನ್ರಿ. ನನ್ನ ಖಾರ ಕುಟ್ಟೋ ಒಳ್ಳಕಲ್ಲು ಒಯ್ದಾಕಿ ಇನ್ನೂ ತಂದು ಕೊಟ್ಟಿಲ್ಲ. ಬರ್ಕೋರಿ ಅದನ್ನ."

"ಬೆಂಗಳೂರಿಗೆ ಒಯ್ದಿದ್ದೆ ಬೇ. ಜೆಸಿಬಿ ತುಳೀತು" ಅಂದಳು ಲಾಲಮ್ಮಕ್ಕ.

"ಜೆಸಿಬಿಗೆ ಒಳ್ಳಕಲ್ಲು ಯಾಕ ಬೇಕಿತ್ತಂತ?"

ಎಲ್ಲರೂ ನಕ್ಕರು. ಲಕ್ಷ್ಮಿಕಾಂತ ಅವರು ನಗಲಿಲ್ಲ. ಅರ್ಥ ಆಗಿರಲಿಲ್ಲ. ಅವರು ಮೈಸೂರು ಕಡೆಯವರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನೋಡಿ ಮೇಡಂ, ಅಲ್ಲೂ ಹಿಂಗೇ ಆಗಿದ್ದು. ಇವ್ರು ಏನ್ ಮಾತಾಡ್ತಾರೆ ಅಂತ ನಮ್ಮವರಿಗೆ ತಿಳೀಲಿಲ್ಲ. ಕನ್ನಡ ಅಲ್ಲ ಅಂದ್ಕೊಂಡ್ರು."

ಸಾವಿತ್ರಿಬಾಯಿಯ ಕಿವಿ ಚುರುಕು. "ನಿಮ್ ಮಾತು ನಮಗೂ ತಿಳಿವಲ್ದು ಸಾಹೇಬ್ರ. ನಾವೇನು ನಿಮ್ಮನ್ನ ಹಿಡಿದು ಕುಂದರಿಸೀವೇನು? ಚಾ ಕುಡೀರಿ" ಅಂದಳು.

ಅವಳ ಮನೆಯಿಂದ ನಾನು ತಂದ ರೇಷನ್ ಕಾರ್ಡು ಕೊಟ್ಟೆ. ಅದರಲ್ಲಿ ಅವಳ ಹೆಸರು ಇತ್ತು. ಓಟರ್ ಕಾರ್ಡು ಕೊಟ್ಟೆ. ಲಕ್ಷ್ಮಿಕಾಂತ ಅವರು ಫೋಟೋ ಹೊಡೆದುಕೊಂಡು ಮೇಲಿನವರಿಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಕೇಳಿಸಿಕೊಂಡು ಇಟ್ಟರು.

"ರೇಷನ್ ಕಾರ್ಡ್ ಅಕ್ಕಿಗೆ ಮಾತ್ರ ಅಂತೆ ಮೇಡಂ. ಇದು ಓಟಿಗೆ ಮಾತ್ರ. ಸಿಟಿಜನ್‌ಶಿಪ್ಪಿಗೆ ಆಗಲ್ವಂತೆ."

"ಆಧಾರ್ ಸಿಕ್ಕಿದ್ರ?"

"ಅದು ಗುರುತಿಗೆ ಮಾತ್ರ."

"ಹಂಗಾದ್ರ ಪೌರತ್ವಕ್ಕ ಯಾವ ಕಾರ್ಡ್ರಿ?"

ಅವರು ನನ್ನನ್ನೇ ನೋಡಿದರು. "ನೀವು ಲಾಯರ್ ಅಲ್ವಾ ಮೇಡಂ?"

ನಾನು ಚಹಾ ಕುಡಿದೆ. ನನ್ನ ಕಿಸೆಯಲ್ಲಿರುವ ಕಾರ್ಡುಗಳೂ ಅವೇ. ಅವರ ಕಿಸೆಯಲ್ಲಿರುವವೂ ಅವೇ.

ಬೆರಳ ಗುರುತಿನ ಮಾತು ನಾನು ಎತ್ತಲಿಲ್ಲ. ಅದನ್ನು ಬೆಂಗಳೂರಿನಲ್ಲೇ ನೋಡಿಯಾಗಿತ್ತು. ಮಷಿನಿನ ಮೇಲೆ ಲಾಲಮ್ಮಕ್ಕನ ಹತ್ತೂ ಬೆರಳು ಒತ್ತಿಸಿದರಂತೆ. ಒಂದೂ ಹಿಡಿಯಲಿಲ್ಲ. ಸಿಮೆಂಟು ಕಲಸಿ, ಇಟ್ಟಿಗೆ ಹೊತ್ತು ಅವಳ ಬೆರಳ ಗೆರೆಗಳು ಸವೆದು ಹೋಗಿವೆ. ಉಗುರಿನ ಸುತ್ತ ಸುಣ್ಣ ತಿಂದ ಹುಣ್ಣು. ಅಂಗೈ ಮುಟ್ಟಿದರೆ ಹಳೆಯ ಚಪ್ಪಲಿಯ ಹಿಮ್ಮಡಿ. ಅವಳು ಇಟ್ಟಿಗೆ ಹೊತ್ತ ಕಟ್ಟಡಗಳಿಗೆ ಬೆಂಗಳೂರಿನಲ್ಲಿ ವಿಳಾಸ ಇದೆ. ಹೊತ್ತವಳಿಗೆ ಬೆರಳೂ ಉಳಿದಿಲ್ಲ. ಮಷಿನ್ ಕೆಂಪು ದೀಪ ಹಾಕಿದಾಗಲೆಲ್ಲ ಅಲ್ಲಿದ್ದ ಒಬ್ಬ, "ಸುಳ್ಳಿ, ಸರಿಯಾಗಿ ಒತ್ತು" ಎಂದು ಅವಳ ಕೈ ಹಿಡಿದು ತಿರುವಿದನಂತೆ. ಆಮೇಲೆ ಹಾಡು ಹೇಳು ಅಂದನಂತೆ, ಭಾರತದ ಹಾಡು. ಶಾಲೆಯ ಮೆಟ್ಟಿಲು ಹತ್ತದವಳು ತನಗೆ ಬರುವ ಅಲಾಯಿ ಪದ ಹಾಡಿದಳು. ನಮ್ಮ ಕಡೆ ಮೊಹರಂ ಅಂದರೆ ಅಲಾಯಿ. ಕೇರಿ, ಓಣಿ ಎಲ್ಲ ಕೂಡಿ ಕುಣಿಯುವ ಹಬ್ಬ. ಅವರು ಅವಳ ವಿರುದ್ಧ ಇನ್ನೊಂದು ಸಾಲು ಬರೆದುಕೊಂಡರು.

ಆದರೆ ಅವಳನ್ನು ನಿಜವಾಗಿ ಸಿಕ್ಕಿಸಿದ್ದು ಒಂದೇ ಉತ್ತರ. ತಾಯಿಯ ಹೆಸರೇನು ಎಂದು ಕೇಳಿದ್ದರು. "ಚಾಂದಬೀ" ಅಂದಿದ್ದಳು.

ಇದನ್ನು ಬಿಡಿಸಿ ಹೇಳಬೇಕು. ಲಾಲಮ್ಮಕ್ಕನನ್ನು ಹೆತ್ತವಳು ಮೌನಮ್ಮ, ಇದೇ ಹೊಲೇರ ಓಣಿಯವಳು, ತೀರಿಕೊಂಡು ಬಹಳ ವರ್ಷ ಆಯಿತು. ಅವಳಿಗೆ ಹುಟ್ಟಿದ ಕೂಸುಗಳು ನಿಲ್ಲುತ್ತಿರಲಿಲ್ಲ. ಲಾಲಮ್ಮ ಹುಟ್ಟಿದಾಗ ಕೂಸನ್ನು ಮೊರದಲ್ಲಿ ಹಾಕಿಕೊಂಡು ಹೋಗಿ, ಗಾದಿ ಹೊಲಿಯುವ ಚಾಂದಬೀಯ ಬಾಗಿಲಲ್ಲಿ ಇಟ್ಟಳು. ಚಾಂದಬೀ ಒಂದು ಸೇರು ಜೋಳ ಕೊಟ್ಟು ಕೂಸನ್ನು ಕೊಂಡಳು. ಎತ್ತಿಕೊಂಡು ಒಂದು ಸಲ ಮೊಲೆ ಕುಡಿಸಿದಳು. ಅಲಾಯಿ ದೇವರಿಗೆ ಹರಕೆ ಹೊತ್ತು ಲಾಲಮ್ಮ ಎಂದು ಹೆಸರಿಟ್ಟಳು. ಆಮೇಲೆ "ಕೂಸು ನಂದು, ನೀ ಜ್ವಾಪಾನ ಮಾಡು" ಎಂದು ಮೌನಮ್ಮನ ಕೈಗೆ ವಾಪಸ್ ಕೊಟ್ಟಳು. ನಮ್ಮ ಕಡೆ ಇದು ನಡೆಯುತ್ತದೆ. ಸಾವು ಮೌನಮ್ಮನ ಕೂಸನ್ನು ಹುಡುಕಿಕೊಂಡು ಬಂದರೆ, ಮೌನಮ್ಮನಿಗೆ ಕೂಸೇ ಇಲ್ಲ. ಹಾಗೆ ಮಾರಿದ ಮಕ್ಕಳು, ಅಪರಿಚಿತರು ಯಾರ ಮಗಳು ನೀನು ಎಂದು ಕೇಳಿದರೆ, ಹೆತ್ತವಳ ಹೆಸರು ಹೇಳುವಂತಿಲ್ಲ. ಕೇಳುವವನು ಯಾರ ಕಡೆಯಿಂದ ಬಂದವನೋ ಏನೋ.

ಬೂಟು ಹಾಕಿ, ಲಾಠಿ ಹಿಡಿದು, ಕೂಗಿ ಕೇಳಿದವನಿಗೆ ಲಾಲಮ್ಮಕ್ಕ ಚಿಕ್ಕಂದಿನಿಂದ ಕಲಿತದ್ದನ್ನೇ ಹೇಳಿದಳು. ಸಾವಿಗೆ ಮಾಡಿದ ಮೋಸ ಸರಕಾರಕ್ಕೆ ತಗುಲಿತು.

ಲಕ್ಷ್ಮಿಕಾಂತ ಅವರಿಗೆ ಇದನ್ನು ಹೇಳಿ ಮುಗಿಸಲು ನನಗೆ ಸಾಕಾಯಿತು. ಅವರು ಕೆಟ್ಟವರಲ್ಲ. ಟೋಪಿ ತೆಗೆದು ತಲೆ ಒರೆಸಿಕೊಂಡರು.

"ಹುಟ್ಟಿದ್ದು ಯಾವಾಗ ಅಂತ ಯಾರಿಗಾದ್ರೂ ಗೊತ್ತಾ?"

ಚಾಂದಬೀಯನ್ನು ಕರೆತಂದಿದ್ದರು. ಈಗ ಬೆನ್ನು ಬಾಗಿದೆ, ಕಣ್ಣು ಮಂಜು. ಕೈಯಲ್ಲಿ ಮಾತ್ರ ಇನ್ನೂ ಸೂಜಿ ಹಿಡಿಯುವ ಗಟ್ಟಿತನ. "ನಾರಾಯಣಪುರದ ಕಾಲುವಿ ನಮ್ಮ ಕಡಿ ತೋಡಿದ ವರ್ಷರಿ. ಆರಿದ್ರ ಮಳಿ ಹೊಡಿತಿತ್ತು. ಮೊರದಾಗ ಕೂಸು ತೊಯ್ಸಿಕೊಂಡ ಬಂದಿತ್ತು" ಅಂದಳು.

ನಾನು ಲೆಕ್ಕ ಹಾಕಿದೆ. ಓಣಿಯವರು ಹೇಳುವ ಆ ವರ್ಷ ಎಂಬತ್ತೇಳು ಇರಬೇಕು. ಪೌರತ್ವದ ಕಾಯ್ದೆಯಲ್ಲಿ ಎಂಬತ್ತೇಳರ ಜುಲೈ ಒಂದು ಎಂಬ ತಾರೀಖು ಇದೆ. ಅದಕ್ಕೆ ಮುಂಚೆ ಈ ನೆಲದ ಮೇಲೆ ಹುಟ್ಟಿದ್ದರೆ ಸಾಕು, ನೀನು ಭಾರತೀಯಳು. ಆ ದಿನ ಅಥವಾ ಆಮೇಲೆ ಹುಟ್ಟಿದ್ದರೆ ನೆಲ ಸಾಲದು. ತಾಯಿಯೋ ತಂದೆಯೋ ಒಬ್ಬರು ಭಾರತೀಯರು ಎಂದು ತೋರಿಸಬೇಕು. ಆರಿದ್ರ ಮಳೆ ಆ ತಾರೀಖಿನ ಎರಡೂ ಕಡೆ ಸುರಿಯುತ್ತದೆ. ಮಳೆಯ ಮೊದಲ ಪಾದದಲ್ಲಿ ಹುಟ್ಟಿದ್ದರೆ ಲಾಲಮ್ಮಕ್ಕ ನೆಲದ ಮಗಳು. ಕೊನೆಯ ಪಾದದಲ್ಲಿ ಹುಟ್ಟಿದ್ದರೆ ಯಾರ ಮಗಳು ಎಂದು ಹೇಳಲೇಬೇಕು.

"ಯಾವ ಪಾದ ಆಯಿ?" ಎಂದು ಕೇಳಿದೆ.

"ಮಳಿ ಬರುವಾಗ ಪಾದ ಯಾರು ನೋಡ್ತಾರ ಬೇಟಿ. ಕೂಸು ನೋಡಿದ್ವಿ."

ಲಕ್ಷ್ಮಿಕಾಂತ ಅವರು ನನ್ನನ್ನು ಬದಿಗೆ ಕರೆದರು. "ಮೇಡಂ, ಮುಗಿಸಿಬಿಡೋಣ. ತಾಯಿ ಮೌನಮ್ಮ, ಇದೇ ಊರು, ಇಲ್ಲೇ ತೀರ್ಕೊಂಡ್ರು ಅಂತ ಒಂದು ಹೇಳಿಕೆ ಬರ್ಕೊಡಿ. ಪಂಚರ ಸಹಿ ಹಾಕ್ಸಿ. ಚಾಂದಬೀ ಅನ್ನೋರು ನನಗೆ ಯಾರೂ ಅಲ್ಲ, ಗಾಬರೀಲಿ ಹೇಳ್ದೆ ಅಂತ ಒಂದು ಲೈನು. ಆ ಒಂದು ಲೈನು ಬೇಕೇ ಬೇಕು. ಇಲ್ಲಾಂದ್ರೆ ಸಾಹೇಬ್ರು ಆ ಮುದುಕಿ ಪೇಪರ್ಸೂ ಕೇಳ್ತಾರೆ. ಅವರ ಹತ್ರ ಏನಿದೆ?"

ಏನೂ ಇರಲಿಲ್ಲ. ನಾನು ಕೂತು ಬರೆದೆ. ಒಳ್ಳೆಯ ಹೇಳಿಕೆ. ಬಸವಂತ್ರಾಯರು ನೋಡಿದ್ದರೂ ಒಂದಕ್ಷರ ಹೊಡೆಯುತ್ತಿರಲಿಲ್ಲ. ಕಕ್ಷಿದಾರಳನ್ನು ಮನೆಗೆ ಕಳಿಸುವುದು ವಕೀಲೆಯ ಕೆಲಸ. ಅದನ್ನೇ ಮಾಡುತ್ತಿದ್ದೇನೆ ಅಂದುಕೊಂಡೆ. ಆ ಒಂದು ಸಾಲು ಬರೆಯುವಾಗ ಮಾತ್ರ ಚಾಂದಬೀಯ ಕಡೆ ನೋಡಲಿಲ್ಲ.

ಗಟ್ಟಿಯಾಗಿ ಓದಿದೆ.

ಚಾಂದಬೀಯೇ ಮೊದಲು ಮಾತಾಡಿದಳು. "ಹಚ್ಚು ಬೇಟಿ ಹೆಬ್ಬಟ್ಟು. ಕಾಗದದಾಗ ನಾ ಯಾರೂ ಅಲ್ಲ ಅಂದ್ರ ನನಗೇನು ಸವೀತದ. ಹುಡುಗ್ಯಾರು ಅಲ್ಲಿ ಅಳಾಕತ್ತಾವ."

ಲಾಲಮ್ಮಕ್ಕ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಓದಲು ಬರದು. ಆದರೂ ನೋಡಿದಳು. ಇಂಕ್ ಪ್ಯಾಡು ತೆರೆದೇ ಇತ್ತು. ಅವಳು ಅದರ ಮುಚ್ಚಳ ಹಾಕಿದಳು.

"ಒತ್ತಂಗಿಲ್ಲ" ಅಂದಳು.

"ಅಕ್ಕಾ, ಸಂಜಿ ಬಸ್ಸಿಗಿ ಒಯ್ತಾರ" ಅಂದೆ.

"ಒಯ್ಲಿ."

"ಅಲ್ಲಿ ಎಷ್ಟು ದಿನ ಇಡ್ತಾರೋ ಗೊತ್ತಿಲ್ಲ. ನಾ ಏನೂ ಮಾಡಾಕ ಬರಂಗಿಲ್ಲ."

"ನೀ ಏನೂ ಮಾಡಬ್ಯಾಡ ತಂಗಿ. ಸುಳ್ಳು ಬರೀಬ್ಯಾಡ ಅಷ್ಟ." ಅವಳು ದನಿ ಏರಿಸಲಿಲ್ಲ. "ಹೆತ್ತಾಕಿ ಮೌನವ್ವ. ಉಳಿಸಿದಾಕಿ ಚಾಂದವ್ವ. ಇಬ್ಬರನ್ನೂ ಬರಿ, ಹತ್ತೂ ಬಟ್ಟು ಒತ್ತುತೀನಿ. ಒಬ್ಬಾಕಿನ್ನ ತೆಗದ್ರ ಒಂದೂ ಒತ್ತಂಗಿಲ್ಲ."

ಲಕ್ಷ್ಮಿಕಾಂತ ಅವರಿಗೆ ಸಿಟ್ಟು ಬಂತು. "ಏನಮ್ಮಾ, ನಿನಗೋಸ್ಕರ ಇಷ್ಟು ದೂರ ಬಂದಿದೀನಿ. ಒಂದು ಸೇರು ಜೋಳದ ಸಂಬಂಧಕ್ಕೆ ಹಿಂಗಾಡ್ತೀಯಾ?"

"ನಿಮ್ಮ ಸಂಬಂಧ ಎಷ್ಟು ಸೇರಿಂದು ಸಾಹೇಬ್ರ?" ಅಂದಳು ಲಾಲಮ್ಮಕ್ಕ. "ನನ್ನ ಹಿಡಿಯುವಾಗ ಯಾರ ಮಗಳು ಅಂತ ನೀವ ಕೇಳಿದ್ರಿ. ಹೇಳಿದೆ. ಈಗ ನಿಮಗ ಬ್ಯಾಡಾದ್ರ ನನ್ನ ಅವ್ವನ್ನ ನಾ ಯಾಕ ಬದಲು ಮಾಡ್ಲಿ? ಬೇಕಂದ್ರ ನಿಮ್ಮ ಕಾಯ್ದೆ ಬದಲು ಮಾಡ್ರಿ."

ಸಾವಿತ್ರಿಬಾಯಿ ಹಿಂದಿನಿಂದ, "ಹೇಳ್ ಬೇ" ಅಂದಳು. ನಾನು ಅಂಜಿ ಅವಳಿಗೆ ಸುಮ್ಮನಿರು ಎಂದು ಕಣ್ಣು ಮಾಡಿದೆ. ವಕೀಲೆಯಾಗಿ ನನ್ನ ಆ ಹೊತ್ತಿನ ಕೊಡುಗೆ ಅಷ್ಟೇ.

ಆಗ ಲಾಲಮ್ಮಕ್ಕ ಕಾಟಿನ ತುದಿಗೆ ಕೂತು, ಇಂಥವರಿಗೆ ಅಂತಿಲ್ಲದೆ, ಹೇಳಿದಳು:

"ಅಲ್ಲಿ ಕೋಣ್ಯಾಗ ಒಬ್ಬಾಕಿ ಇದ್ಲು. ಆಕಿ ಮಾತು ನನಗ ತಿಳೀತಿದ್ದಿಲ್ಲ, ನನ್ನ ಮಾತು ಆಕಿಗಿ ತಿಳೀತಿದ್ದಿಲ್ಲ. ಕಸ ಆರಿಸ್ತಿದ್ಲಂತ. ಆಕಿ ಕೂಸಿಗಿ ಜ್ವರ. ಮೊಲಿ ಹಿಡೀವಲ್ದು. ಬಾಗಲ ಬಡದೀವಿ, ಯಾರೂ ಬರಲಿಲ್ಲ. ನಾ ಏನ್ ಮಾಡ್ಲಿ? ನನಗ ಊಟಕ್ಕ ಹಾಕಿದ್ದ ಅನ್ನದಾಗ ಒಂದು ಹಿಡಿ ತಗದು ಆಕಿ ಉಡ್ಯಾಗ ಹಾಕಿದೆ. ಕೂಸು ಎತ್ಕೊಂಡೆ. ನಂದು ಅಂದೆ. ಆಕಿಗಿ ತಿಳೀತು ಅನ್ನಸ್ತದ. ಅತ್ತಳು, ಆಮ್ಯಾಲ ತಲಿ ಅಲ್ಲಾಡಿಸಿದ್ಲು. ಮುಂಜಾನಿ ಕೂಸು ಕಣ್ಣು ತೆರೀತು. ವಾಪಸ್ ಕೊಟ್ಟೆ. ಜ್ವಾಪಾನ ಮಾಡು ಅಂದೆ."

ಅವಳು ನನ್ನನ್ನು ನೋಡಿದಳು. "ಚಾಂದವ್ವ ನನಗ ಯಾರೂ ಅಲ್ಲ ಅಂತ ಒತ್ತಿದ್ರ, ಆ ಕೂಸಿಗಿ ನಾ ಯಾರು ತಂಗಿ?"

ಕಾನೂನಿನಲ್ಲಿ ಇದಕ್ಕೆ ಉತ್ತರ ಇದೆ. ನೀನು ಯಾರೂ ಅಲ್ಲ. ದತ್ತಕ ಅಂದರೆ ಅದಕ್ಕೆ ಕಾಯ್ದೆ ಬೇರೆ, ಅರ್ಜಿ ಬೇರೆ. ಒಂದು ಹಿಡಿ ಅನ್ನದ ಕಲಮು ಯಾವುದರಲ್ಲೂ ಇಲ್ಲ. ಇದು ನನಗೆ ಗೊತ್ತಿತ್ತು.

ಬರೆದದ್ದನ್ನು ಹರಿದೆ. ಹೊಸದಾಗಿ ಬರೆದೆ. ತಾಯಂದಿರು: ಮೌನಮ್ಮ, ಹೆತ್ತವಳು, ಇದೇ ಓಣಿ, ಈಗಿಲ್ಲ. ಚಾಂದಬೀ, ಒಂದು ಸೇರು ಜೋಳಕ್ಕೆ ಕೊಂಡವಳು, ಇದೇ ಓಣಿ, ಈಗ ಎದುರಿಗೇ ಕೂತಿದ್ದಾಳೆ. ಇಂಥ ಹೇಳಿಕೆಯನ್ನು ಯಾವ ವಕೀಲರೂ ಬರೆದಿರಲಾರರು. ಲಾಲಮ್ಮಕ್ಕ ಹತ್ತೂ ಬೆರಳು ಒತ್ತಿದಳು. ಕಾಗದದ ಮೇಲೆ ಗೆರೆಗಳಿಲ್ಲದ ಹತ್ತು ನೀಲಿ ಮಚ್ಚೆ ಬಿದ್ದವು. ಓಣಿಯವರು ಒಬ್ಬೊಬ್ಬರಾಗಿ ಪಂಚರ ಸಹಿ ಹಾಕಿದರು. ಸಾವಿತ್ರಿಬಾಯಿ ಒಳ್ಳಕಲ್ಲಿನ ಮಾತೂ ಸೇರಿಸು ಅಂದಳು. ಸೇರಿಸಲಿಲ್ಲ.

ಲಕ್ಷ್ಮಿಕಾಂತ ಅವರು ಓದಿದರು. ಮತ್ತೆ ಓದಿದರು. "ಫಾರ್ಮಲ್ಲಿ ತಾಯಿಗೆ ಒಂದೇ ಲೈನ್ ಇರೋದು ಮೇಡಂ" ಅಂದರು.

"ಸಣ್ಣಗ ಬರದ್ರ ಇಬ್ಬರೂ ಹಿಡೀತಾರ್ರಿ" ಅಂದೆ. ಎಲ್ಲಿಂದ ಆ ಧೈರ್ಯ ಬಂತೋ.

ಅವರು ಓಣಿಯ ತುದಿಯವರೆಗೆ ನಡೆದು ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಕೈ ಆಡಿಸುತ್ತಿದ್ದರು. ಒಂದು ಸಲ ಫೋನನ್ನು ಕಿವಿಯಿಂದ ದೂರ ಹಿಡಿದರು. ಅಷ್ಟರಲ್ಲಿ ಸಾವಿತ್ರಿಬಾಯಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಮಹಿಳಾ ಪೇದೆಯನ್ನು ಎಬ್ಬಿಸಿದಳು. ಲಾಲಮ್ಮಕ್ಕ ತನ್ನ ಚೀಲ ಕಟ್ಟಿಕೊಂಡು ತಯಾರಾಗಿ ನಿಂತಳು. ಅವಳ ಮುಖ ನೋಡಿದೆ. ಅಂಜಿಕೆ ಇತ್ತು. ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕಾಲು ಮಾತ್ರ ಹಿಂದೆ ಸರಿಯಲಿಲ್ಲ.

ವಾಪಸ್ ಬಂದು ಲಕ್ಷ್ಮಿಕಾಂತ ಅವರು ನನಗೆ ಹೇಳಿದರು: "ಕರೆದಾಗ ಹಾಜರು ಮಾಡ್ತೀನಿ ಅಂತ ನೀವು ಸಹಿ ಹಾಕಿ. ಇಲ್ಲೇ ಬಿಟ್ಟು ಹೋಗ್ತೀನಿ. ನನ್ನ ರಿಪೋರ್ಟ್ ನಾನು ಬರೀತೀನಿ. ಸಾಹೇಬ್ರು ಒಪ್ತಾರೆ ಅಂತ ಹೇಳಲ್ಲ." ಕೂತು ರೊಟ್ಟಿ ಮುರಿದರು. ಖಾರ ಹತ್ತಿ ಕಣ್ಣಲ್ಲಿ ನೀರು ಬಂತು. "ಇವ್ರು ಹೊರಗಿನವರೇ ಬಿಡವ್ವಾ, ಖಾರ ತಡಿಯಂಗಿಲ್ಲ" ಅಂದಳು ಸಾವಿತ್ರಿಬಾಯಿ. ಈ ಸಲ ಅವರಿಗೆ ಅರ್ಥ ಆಯಿತು. ನಕ್ಕರು.

ನಾನು ಸಹಿ ಹಾಕಿದೆ. ಸಂಜೆಯ ಬಸ್ಸಿಗೆ ಇಬ್ಬರೇ ಹೋದರು.

ಇಷ್ಟೇ ನಡೆದದ್ದು. ಗೆದ್ದೆವು ಎಂದು ಹೇಳಲಾರೆ. ಬಸವಂತ್ರಾಯರು ಆ ಹೇಳಿಕೆಯ ನಕಲು ಓದಿ ಕನ್ನಡಕ ತೆಗೆದಿಟ್ಟರು. "ಇದು ಯಾವ ಕೋರ್ಟಿನ್ಯಾಗೂ ನಿಲ್ಲಂಗಿಲ್ಲ" ಅಂದರು. ಸ್ವಲ್ಪ ತಡೆದು, "ನನಗೊಂದು ನಕಲು ಕೊಡು" ಅಂದರು. ಲಾಲಮ್ಮಕ್ಕ ಈಗ ಇಲ್ಲೇ ಹತ್ತಿ ಬಿಡಿಸಲು ಹೋಗುತ್ತಾಳೆ. ಅಂಬ್ರಪ್ಪ ಇಬ್ಬರು ಹುಡುಗಿಯರನ್ನೂ ಊರಿಗೆ ಕರೆತಂದು ಬಿಟ್ಟು ಹೋಗಿದ್ದಾನೆ. ಗಂಡ ಭಾರತೀಯ, ಮಕ್ಕಳು ಶಾಲೆಯಲ್ಲಿದ್ದಾರೆ. ಇವಳ ಕಡತ ಮಾತ್ರ ಎಲ್ಲೋ ತೆರೆದೇ ಇದೆ. ಮಕ್ಕಳೆಷ್ಟು ಎಂದು ಹೊಲದಲ್ಲಿ ಯಾರಾದರೂ ಕೇಳಿದರೆ ಮೂರು ಅನ್ನುತ್ತಾಳೆ. ಅಂಬ್ರಪ್ಪ ಮೊದಲು ತಕರಾರು ಮಾಡಿದ. ಈಗ ಅವನೂ ಮೂರು ಅನ್ನುತ್ತಾನೆ.

ಆ ಕೋಣೆಯ ಕೂಸಿನ ಬಗ್ಗೆ ಬೆಂಗಳೂರಿನ ಠಾಣೆಗೆ ಬರೆದೆ. ಉತ್ತರ ಇಲ್ಲ. ಲಕ್ಷ್ಮಿಕಾಂತ ಅವರಿಗೆ ಫೋನ್ ಮಾಡಿದೆ. ಕೆಲವರನ್ನು ಗಡಿಯ ಕಡೆಗೆ ಕಳಿಸಿದರಂತೆ, ಅದರಲ್ಲಿ ಯಾರು ಯಾರು ಎಂದು ತಮಗೆ ಹೇಳಿಲ್ಲ ಅಂದರು. ಅವರ ರಿಪೋರ್ಟಿನಲ್ಲಿ ತಾಯಿಯ ಗೆರೆಯಲ್ಲಿ ಎಷ್ಟು ಹೆಸರಿವೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಲಾಲಮ್ಮಕ್ಕ ಈ ದೇಶದವಳು ಎಂದು ಸರಕಾರ ಒಪ್ಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕೂಸಿನ ತಾಯಿಯ ಹೆಸರು ಗೊತ್ತಿಲ್ಲ. ಅವಳು ಗಡಿಯ ಈಚೆ ಹುಟ್ಟಿದವಳೋ ಆಚೆ ಹುಟ್ಟಿದವಳೋ ಅದೂ ಗೊತ್ತಿಲ್ಲ. ಕೂಸು ಎಲ್ಲಿದೆ, ಗೊತ್ತಿಲ್ಲ.